ವಿಷ ಎಂದು ಬರೆದ ಖಣದ ಗಂಟು

ಬಾಗಲಕೋಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಯಾವ ಅಕ್ಷರದ ಪಕ್ಕ ಯಾವ ಅಕ್ಷರ ಕೂತರೆ ಏನರ್ಥ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸೊಕ್ಕು ನನಗಿತ್ತು. ಯುರೋಪಿಗೆ ಹೋಗಿ ಆ ಸೊಕ್ಕು ಮುರಿಯಿತು ಎಂದು ನೀವು ಅಂದುಕೊಂಡರೆ ತಪ್ಪು. ಮುರಿಯಲಿಲ್ಲ. ಅಲ್ಲಿಯ ಜನ ಒಂದೇ ಅಕ್ಷರಮಾಲೆ ಹಂಚಿಕೊಂಡು, ಒಂದೇ ಶಬ್ದಕ್ಕೆ ದೇಶಕ್ಕೊಂದು ಅರ್ಥ ಇಟ್ಟುಕೊಂಡಿದ್ದರೆ ಅದು ಅವರ ತಪ್ಪು, ನನ್ನದಲ್ಲ.

ನಾನು ಹೋದದ್ದು ಊರು ನೋಡಲಿಕ್ಕಲ್ಲ. ಮಗಳು ವೀಣಾ ಸ್ವೀಡನ್ನಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್. ಏಳು ತಿಂಗಳ ಬಸುರಿ. ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಕುಬಸ ಅಲ್ಲಿಯೇ ಮಾಡುವುದೆಂದಾಯಿತು. ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿ, ಖಣದ ಬಟ್ಟೆಯ ಕುಬಸ, ಅಂದರೆ ರವಿಕೆ, ತೊಡಿಸಿ, ಮುತ್ತೈದೆಯರು ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬುವ ಕಾರ್ಯ ಅದು. ಹಸಿರು ಸೀರೆಯನ್ನು ಇಳಕಲ್ಲಿಗೆ ಹೋಗಿ ನಾನೇ ಆರಿಸಿದೆ. ಗುಳೇದಗುಡ್ಡದಲ್ಲಿ ಮಗ್ಗದವರ ಮನೆ ಮನೆ ಅಡ್ಡಾಡಿ ಖಣವನ್ನೂ ನಾನೇ ತಂದೆ. ಆದರೆ ಉಡಿ ತುಂಬುವವಳು ನಾನಲ್ಲ.

ನನ್ನ ಗಂಡ ತೀರಿಕೊಂಡಾಗ ವೀಣಾ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಳು. ಅವಳ ಮದುವೆಯಲ್ಲಿ ಧಾರೆ ಎರೆದವರು ಗಂಡನ ಅಣ್ಣನಾದ ನನ್ನ ಭಾವನವರು ಮತ್ತು ಅವರ ಹೆಂಡತಿ ಕಮಲಾ ವೈನಿ. ನಾನು ಆ ಹೊತ್ತಿನಲ್ಲಿ ಅಡುಗೆಯವರ ಬಳಿ ನಿಂತು ಸಾರಿನ ಉಪ್ಪು ನೋಡುತ್ತಿದ್ದೆ. ಕುಬಸದ ಮಾತು ಬಂದಾಗಲೂ ಭಾವನವರು ಹಾಗೆಯೇ ತೀರ್ಪು ಕೊಟ್ಟರು.

"ಕಮಲಾ ನಿನ್ನ ಜೋಡಿ ಬರ್ತಾಳ. ಉಡಿ ಆಕಿ ತುಂಬತಾಳ. ನೀ ಸ್ವಲ್ಪ ಹಿಂದ ನಿಂದ್ರು ಸುಮಿತ್ರಾ. ಹೊಟ್ಟ್ಯಾಗಿನ ಕೂಸಿನ ವಿಚಾರ ಅದ."

ಶನಿವಾರ ಶನಿವಾರ ತುಳಸಿಗೇರಿ ಹನುಮಪ್ಪನ ದರ್ಶನ ತಪ್ಪಿಸುವಂತಿಲ್ಲವೆಂದು ತಾವು ಮನೆಯಲ್ಲೇ ಉಳಿದರು. ನಾನು ಹೂಂ ಅಂದೆ. ಕೂಸಿನ ಹೆಸರು ಹೇಳಿ ಬಾಯಿ ಮುಚ್ಚಿಸಿದರೆ ಯಾವ ತಾಯಿ ವಾದ ಮಾಡುತ್ತಾಳೆ?

ಫ್ರಾಂಕ್‌ಫರ್ಟ್

ವಿದೇಶಕ್ಕೆ ಹೋಗಿ ಬಂದವರೆಲ್ಲ ನಮ್ಮ ಓಣಿಯಲ್ಲಿ ಒಂದು ಬುದ್ಧಿ ಹೇಳುತ್ತಾರೆ: ಗಂಟಿನ ಮೇಲೆ ಇಂಗ್ಲಿಷಿನಲ್ಲಿ ಉಡುಗೊರೆ ಅಂತ ಬರೆದುಬಿಡಿ, ಯಾರೂ ಕೇಳುವುದಿಲ್ಲ. ನಾನು ಖಣಗಳನ್ನು ಒಂದು ಗಂಟು, ಅರಿಷಿಣ ಒಂದು ಪೊಟ್ಟಣ, ಕುಂಕುಮ ಒಂದು ಪೊಟ್ಟಣ ಮಾಡಿ, ಎಲ್ಲದರ ಮೇಲೂ ಕೆಂಪು ಪೆನ್ನಿನಿಂದ ದೊಡ್ಡದಾಗಿ ಜಿ, ಐ, ಎಫ್, ಟಿ ಎಂದು ಬರೆದಿದ್ದೆ. ನನ್ನ ಅಕ್ಷರ ಮುತ್ತಿನಂತಿರುತ್ತದೆ, ದೂರದಿಂದಲೇ ಓದಲು ಬರುತ್ತದೆ. ಅದೇ ಕುತ್ತಿಗೆಗೆ ಬಂತು.

ತಪಾಸಣೆಯ ಅಧಿಕಾರಿ ಕುಂಕುಮದ ಪೊಟ್ಟಣ ಎತ್ತಿ ಹಿಡಿದು ಓದಿದ. ಅರಿಷಿಣದ್ದನ್ನೂ ಖಣದ ಗಂಟಿನ ಮೇಲಿನದನ್ನೂ ಓದಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಒಮ್ಮೆ ಪೊಟ್ಟಣ ನೋಡಿದರು, ಒಮ್ಮೆ ನಮ್ಮನ್ನು ನೋಡಿದರು. ಆಮೇಲೆ ಮೊದಲನೆಯವನು ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ಹೇಳಿದ: "ಮೇಡಮ್, ನಮ್ಮ ಭಾಷೆಯಲ್ಲಿ ಇದಕ್ಕೆ ವಿಷ ಅಂತ ಅರ್ಥ."

"ಈ ಶಬ್ದ ಇಂಗ್ಲಿಷಿನದು," ಅಂದೆ.

"ಜರ್ಮನ್ನಿನದೂ ಹೌದು," ಅಂದ.

ವೈನಿ ನನ್ನ ತೋಳು ಹಿಡಿದು ಜಗ್ಗಿದರು. "ಏನಂತಾನ ಅಂವ?"

"ಖಣಕ್ಕ ವಿಷ ಅಂತಾನ್ರಿ ವೈನಿ."

"ಅಯ್ಯ ಇವನ! ಗುಳೇದಗುಡ್ಡದ ಖಣಕ್ಕ ವಿಷ ಅಂತಾನ? ಅಂವನ ಹೆಂಡತಿಗೆ ಒಂದು ಕೊಟ್ಟು ಕಳಸು, ಗೊತ್ತಾಗತದ."

ವೈನಿ ಅಷ್ಟಕ್ಕೇ ಬಿಡಲಿಲ್ಲ. ಪೊಟ್ಟಣ ಅವನ ಕೈಯಿಂದಲೇ ಇಸಿದುಕೊಂಡು, ಚಿಟಿಕೆ ಕುಂಕುಮ ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡು, ನೋಡಪಾ, ಸತ್ತೆನೇನು ಎಂಬಂತೆ ಅವನೆದುರು ನಿಂತರು. ಇಬ್ಬರು ಅಧಿಕಾರಿಗಳೂ ಬಿದ್ದು ಬಿದ್ದು ನಕ್ಕರು. ಮೊದಲನೆಯವನಿಗೆ ತಮಾಷೆ ಹತ್ತಿತು. ನನ್ನ ಕಡೆ ತಿರುಗಿ, "ನೀವೂ ಹಚ್ಚಿಕೊಂಡು ತೋರಿಸಿ," ಅಂದ.

ವೈನಿ ಕನ್ನಡದಲ್ಲೇ ಹೇಳಿದರು: "ಆಕಿ ಹಚಗೊಳ್ಳೂದಿಲ್ಲ."

ಅದನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸವೂ ನನ್ನ ಪಾಲಿಗೇ ಬಂತಲ್ಲ! ನನಗೆ ಅಲರ್ಜಿ ಎಂದು ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅಧಿಕಾರಿ ಗಂಟನ್ನು ಜೋಪಾನವಾಗಿ ಕಟ್ಟಿ ಕೊಟ್ಟು ನಮ್ಮನ್ನು ಬಿಟ್ಟ.

ಅಲ್ಲಿಂದ ಸ್ವೀಡನ್ನಿಗೆ ಇನ್ನೊಂದು ವಿಮಾನ ಹತ್ತಬೇಕಿತ್ತು. ವೈನಿ ಕಂಬದ ಹತ್ತಿರದ ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ. "ಬನಶಂಕರಿ ಆಣಿ, ಇನ್ನ ನಾ ಹಾರೂದಿಲ್ಲ. ನೆಲದ ಮ್ಯಾಲ ಹೋಗೂ ದಾರಿ ಇದ್ರ ಬರ್ತೇನಿ, ಇಲ್ಲಾಂದ್ರ ಇಲ್ಲೇ ಇರ್ತೇನಿ." ಅಳಿಯ ಸುಧೀರನಿಗೆ ಫೋನ್ ಹಚ್ಚಿದೆ. ಪಾಪ, ಹುಡುಗ ರೈಲಿನ ಟಿಕೆಟ್ ತೆಗೆಸಿ ಕಳಿಸಿದ.

ಉತ್ತರಕ್ಕೆ ಹೋಗುವ ರೈಲು

ಜರ್ಮನಿಯ ರೈಲಿನ ಕಿಟಕಿಯಲ್ಲಿ ಕೂತರೆ ಊರುಗಳ ಬೋರ್ಡು ಓದದೆ ಇರಲು ನನ್ನಿಂದಾಗದು. ಒಂದು ಊರಿನ ಹೆಸರಿನ ಮುಂದೆ 'ಬ್ಯಾಡ್' ಎಂದಿತ್ತು. ಮುಂದೆ ಮತ್ತೊಂದು, ಅದರ ಮುಂದೆಯೂ 'ಬ್ಯಾಡ್'. ತಮ್ಮ ಊರನ್ನು ತಾವೇ ಕೆಟ್ಟದ್ದು ಎಂದು ಬರೆದುಕೊಳ್ಳುವ ಜನ ಎಲ್ಲಾದರೂ ಇದ್ದಾರೆಯೇ? ನಮ್ಮ ಕಡೆ ಎಷ್ಟು ಧೂಳಿದ್ದರೂ ಬೋರ್ಡಿನ ಮೇಲೆ ಸುಸ್ವಾಗತ ಎಂದೇ ಇರುತ್ತದೆ. ನಾನು ಗೊಣಗುವುದನ್ನು ಕೇಳಿ ವೈನಿ ಶಾಂತವಾಗಿ ಹೇಳಿದರು: "ಬ್ಯಾಡ ಅಂತ ಅವರ ಬರದಾರ. ಮತ್ತ ನಾವ್ಯಾಕ ಇಳೀಬೇಕು?"

ಎದುರು ಸೀಟಿನಲ್ಲಿ ನಮ್ಮ ವಯಸ್ಸಿನ ಒಬ್ಬ ಫ್ರೆಂಚ್ ಹೆಂಗಸು ಕೂತಿದ್ದಳು. ಬ್ಯಾಡ್ ಅಂದರೆ ಜರ್ಮನ್ನಿನಲ್ಲಿ ಸ್ನಾನ, ಇವೆಲ್ಲ ಬಿಸಿನೀರಿನ ಬುಗ್ಗೆಗಳ ಊರು ಎಂದು ಅವಳೇ ತಿಳಿಸಿದಳು. ಅವಳ ತೊಡೆಯ ಮೇಲೆ ಉದ್ದನೆಯ ಕಾಗದದ ಚೀಲ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಪಿ, ಎ, ಐ, ಎನ್. ನೋವು! ಔಷಧಿ ಅಂಗಡಿಯಿಂದ ಬಂದಿದ್ದಾಳೆ ಎಂದು ನಾನು ವೈನಿಗೆ ಹೇಳಿದ್ದೇ ತಡ, ಅವರು ತಮ್ಮ ಚೀಲದಿಂದ ಮೊಣಕಾಲಿಗೆ ಹಚ್ಚುವ ಎಣ್ಣೆಯ ಬಾಟಲಿ ತೆಗೆದು ಅವಳ ಮುಂದೆ ಹಿಡಿದರು.

"ಎಲ್ಲೆ ನೋವು ಅಂತ ಕೇಳು. ಬೆನ್ನೋ, ಕಾಲೋ?"

ಅವಳು ಬಾಟಲಿಯನ್ನೂ ನಮ್ಮನ್ನೂ ನೋಡಿ, ಚೀಲದೊಳಗಿಂದ ಉದ್ದನೆಯ ಬ್ರೆಡ್ಡು ಎಳೆದಳು. ಫ್ರೆಂಚರಿಗೆ ಆ ನಾಲ್ಕು ಅಕ್ಷರ ಸೇರಿದರೆ ಬ್ರೆಡ್ಡಂತೆ! ಓದುವಾಗ 'ಪ್ಯಾಂ' ಅನ್ನುತ್ತಾರಂತೆ, ಕೊನೆಯ ಅಕ್ಷರವನ್ನು ಮೂಗಿಗೆ ಏರಿಸಿ. ಅವಳು ಅರ್ಧ ಮುರಿದು ನಮಗೆ ಕೊಟ್ಟಳು. ತತ್ತಿ ಹಾಕಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ವೈನಿ ನಮ್ಮ ಬುತ್ತಿಯ ಗಂಟು ಬಿಚ್ಚಿ ಖಡಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿಯ ಖಾರದ ಪುಡಿ ಹಾಕಿ ಕೊಟ್ಟರು. ಅವಳು ಕೆಮ್ಮಿದಳು, ಕಣ್ಣೀರು ಒರೆಸಿಕೊಂಡಳು, ಮತ್ತೆ ಕೈ ಚಾಚಿದಳು. ಆ ಹೆಂಗಸು ನನಗೆ ಬಹಳ ಹಿಡಿಸಿದಳು.

ಅವಳ ಗಂಡ ಇಟಲಿಯವನಂತೆ. ಹೊಸದಾಗಿ ಮದುವೆಯಾದಾಗ ಇಬ್ಬರೂ ಸ್ಪೇನಿಗೆ ಹೋಗಿದ್ದರಂತೆ. ಅಲ್ಲಿ ಅವನು ಹೋಟೆಲಿನವನಿಗೆ ಬ್ರೆಡ್ಡಿನ ಜೊತೆ 'ಬುರ್ರೋ' ಬೇಕೆಂದು ಹಟ ಹಿಡಿದನಂತೆ. ಇಟಲಿಯಲ್ಲಿ ಅದು ಬೆಣ್ಣೆ, ಸ್ಪೇನಿನಲ್ಲಿ ಅದೇ ಅಕ್ಷರಗಳು ಕತ್ತೆ. ಹೋಟೆಲಿನವನು ಬಾಗಿಲ ಕಡೆ ಕೈ ತೋರಿಸಿದನಂತೆ, ಹೊರಗೆ ಹೋಗಿ ಹುಡುಕಿಕೋ ಎಂದು. ನಾನು ಇದನ್ನು ವೈನಿಗೆ ಹೇಳಿದೆ.

"ಕತ್ತಿನ? ಬ್ರೆಡ್ಡಿಗೆ ಕತ್ತಿ ಹಚಗೊಂಡು ತಿಂತಾರೇನು?" ಎಂದು ವೈನಿ ಸೆರಗು ಬಾಯಿಗಿಟ್ಟು ನಕ್ಕರು.

ನಮ್ಮ ವೈನಿಗೆ ಕತ್ತಿ ಅಂದರೆ ಕತ್ತೆ. ಇದೇ ಮಾತು ಬೆಂಗಳೂರಿನವರ ಕಿವಿಗೆ ಬಿದ್ದಿದ್ದರೆ ಬ್ರೆಡ್ಡು ಕೊಯ್ಯುವ ಆಯುಧ ಎಂದುಕೊಳ್ಳುತ್ತಿದ್ದರು. ಒಂದೇ ನಾಡಿನಲ್ಲಿ ನಾವು ಇಷ್ಟು ಮಾಡಿಕೊಂಡಿರುವಾಗ ಯುರೋಪಿನವರನ್ನು ಬೈದು ಏನು ಉಪಯೋಗ ಎಂದು ಒಂದು ಕ್ಷಣ ಅನಿಸಿತು. ಆದರೂ ಬೈದೆ.

ಕೋಪನ್‌ಹೇಗನ್

ಡೆನ್ಮಾರ್ಕಿನಲ್ಲಿ ರೈಲು ಬದಲಿಸಬೇಕಿತ್ತು. ಪೆಟ್ಟಿಗೆಗಳನ್ನು ಎಳೆದುಕೊಂಡು ಲಿಫ್ಟಿನೊಳಗೆ ಹೋದೆವು. ಅದು ಮೇಲೇರತೊಡಗಿದ ಕೂಡಲೇ ಗೋಡೆಯ ಮೇಲೆ ದೀಪ ಹತ್ತಿಕೊಂಡು ಒಂದು ಶಬ್ದ ಬೆಳಗಿತು. ಎಫ್, ಎ, ಆರ್, ಟಿ. ನನಗೆ ನಗು ತಡೆಯಲಾಗಲಿಲ್ಲ.

"ಏನ ಬರದದ? ಹೇಳ, ನನಗೂ ಹೇಳ," ಎಂದು ವೈನಿ ಗಂಟುಬಿದ್ದರು.

"ಹೂಸು ಅಂತ ಬರದದ್ರಿ."

"ಲಿಫ್ಟಿನಾಗ?" ವೈನಿ ಮೂಗು ಮುಚ್ಚಿಕೊಂಡು ಸುತ್ತಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ದಿಟ್ಟಿಸಿ ನೋಡಿದರು. ಒಬ್ಬ ಟೈ ಕಟ್ಟಿದ ಗೃಹಸ್ಥ ಯಾಕೋ ಸಂಕೋಚಪಟ್ಟು ಹಿಂದೆ ಸರಿದ. ಅವರ ಭಾಷೆಯಲ್ಲಿ ಅದಕ್ಕೆ ಚಲಿಸುತ್ತಿದೆ, ವೇಗ ಎಂಬ ಅರ್ಥ ಎಂದು ವೀಣಾ ಫೋನಿನಲ್ಲಿ ಹೇಳುವ ಹೊತ್ತಿಗೆ ನಾವಿಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದೆವು. ವೈನಿ ಅಷ್ಟು ನಕ್ಕದ್ದನ್ನು ನಾನು ಭಾವನವರ ಮನೆಯಲ್ಲಿ ಎಂದೂ ನೋಡಿರಲಿಲ್ಲ.

ಸ್ವೀಡನ್ನಿನ ರೈಲಿನಲ್ಲಿ ಮಾತ್ರ ನನ್ನ ನಗು ನಿಂತಿತು. ಪ್ರಯಾಣದ ಕೊನೆಯ ನಿಲ್ದಾಣ ಬಂದಾಗ ಬಾಗಿಲ ಮೇಲಿನ ಪಟ್ಟಿಯಲ್ಲಿ ಒಂದು ಶಬ್ದ ಓಡಿತು: ಎಸ್, ಎಲ್, ಯು, ಟಿ. ಇಂಗ್ಲಿಷಿನಲ್ಲಿ ಅದು ನಡತೆಗೆಟ್ಟವಳು ಎಂದು ಹೆಣ್ಣನ್ನು ಬೈಯುವ ಹೊಲಸು ಮಾತು. ಶಾಲೆಯ ಗೋಡೆಯ ಮೇಲೆ ಯಾರೋ ಬರೆದದ್ದನ್ನು ನಾನು ನೀರು ಹಾಕಿ ತಿಕ್ಕಿಸಿದ್ದೆ. ಸ್ವೀಡನ್ನಿನವರಿಗೆ ಅದು ಬರೀ 'ಮುಗಿಯಿತು'. ಮಕ್ಕಳ ಕಥೆಯ ಕೊನೆಗೂ ಅದನ್ನೇ ಬರೆಯುತ್ತಾರಂತೆ. ಹಾಗಾದರೆ ಹೊಲಸು ಆ ಅಕ್ಷರಗಳಲ್ಲಿ ಇರಲಿಲ್ಲ. ಹತ್ತು ಮಂದಿ ಕೂಡಿ ಒಬ್ಬಳ ಮೇಲೆ ಹೊರಿಸಿದಾಗ ಹೊಲಸಾಯಿತು, ಅಷ್ಟೇ. ಹೀಗೆ ಹೊರಿಸುವವರ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು, ಯಾಕೆಂದು ವೈನಿಗೆ ಹೇಳಲಿಲ್ಲ.

ಮಗಳ ಊರು

ವೀಣಾ ಹೊಟ್ಟೆ ಮುಂದೆ ಮಾಡಿಕೊಂಡು ನಿಲ್ದಾಣದಲ್ಲಿ ನಿಂತಿದ್ದಳು. ಅವಳನ್ನು ಕಂಡು ಅತ್ತುಬಿಟ್ಟೆ. ಅಳು ಬಂದರೆ ಅಳುವವಳು ನಾನು.

ಮರುದಿನ ಅವಳನ್ನು ಪರೀಕ್ಷೆಗೆ ಕರೆದುಕೊಂಡು ಹೋದರೆ ಆಸ್ಪತ್ರೆಯ ಬಾಗಿಲ ಮೇಲೆ 'ಬಾರ್ನ್' ಎಂದು ಬರೆದಿತ್ತು. ದನದ ಕೊಟ್ಟಿಗೆ! "ಬಸುರಿ ಮಗಳನ್ನ ದನದ ಕೊಟ್ಟಿಗ್ಯಾಗ ನೋಡ್ತಾರೇನ ಇಲ್ಲೆ?" ಎಂದು ನಾನು ಅಲ್ಲೇ ಕಾಲೂರಿ ನಿಂತೆ. ಬಾರ್ನ್ ಅಂದರೆ ಇಲ್ಲಿ ಮಕ್ಕಳು ಎಂದು ವೀಣಾ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಒಳಗೆ ಸೂಲಗಿತ್ತಿ ಪ್ರತಿಯೊಂದಕ್ಕೂ 'ಬ್ರಾ, ಬ್ರಾ' ಎನ್ನುತ್ತಿದ್ದಳು. ಕೂಸಿನ ಎದೆಬಡಿತ ಕೇಳಿಸಿ ಬ್ರಾ ಅಂದಳು, ತೂಕ ನೋಡಿ ಬ್ರಾ ಅಂದಳು. ಅವರಲ್ಲಿ ಅದು ಛಲೋ ಎಂಬ ಮಾತು. ಆ ಒಂದು ಶಬ್ದಕ್ಕೆ ಮಾತ್ರ ನಾನು ಜಗಳ ತೆಗೆಯಲಿಲ್ಲ. ಕೂಸು ಛಲೋ ಇದೆಯಂತೆ, ಇನ್ನೇನು ಬೇಕು.

ಸಂಜೆ ನನ್ನ ಖಣದ ಗಂಟಿನ ಮೇಲಿನ ಬರಹ ನೋಡಿ ವೀಣಾ ನಕ್ಕಳು. ಸ್ವೀಡನ್ನಿನಲ್ಲಿಯೂ ಅದಕ್ಕೆ ವಿಷ ಎನ್ನುತ್ತಾರಂತೆ. ಅಷ್ಟೇ ಅಲ್ಲ, ಮದುವೆಯಾದವರು ಎಂಬುದಕ್ಕೂ ಅದೇ ಶಬ್ದವಂತೆ.

"ಎರಡಕ್ಕೂ ಒಂದ?" ವೈನಿ ಸೊಪ್ಪು ಸೋಸುವುದು ನಿಲ್ಲಿಸಿದರು. "ಶಾಣ್ಯಾ ಮಂದಿ."

ಸುಧೀರ ತನಗೆ ಕೇಳಿಸಲಿಲ್ಲವೆಂಬಂತೆ ಎದ್ದು ಹೊರಗೆ ಹೋದ. ವೈನಿ ದೇವರಿಗೆ ದೀಪ ಹಚ್ಚಲು ಹೋದಾಗ ವೀಣಾ ನನ್ನ ಹತ್ತಿರ ಸರಿದು ಕೂತಳು.

"ಅವ್ವಾ, ನನ್ನ ಉಡಿ ನೀನ ತುಂಬಬೇಕು."

"ದೊಡ್ಡವ್ವ ತುಂಬತಾರಲ್ಲ. ಅದಕ್ಕಂತನ ಅಷ್ಟು ದೂರ ಬಂದಾರ."

"ಅವರೂ ತುಂಬಲಿ. ನೀನೂ ತುಂಬು. ಮದುವ್ಯಾಗ ನಾ ಹಿಂದ ತಿರುಗಿ ತಿರುಗಿ ನಿನ್ನ ಹುಡುಕಿದೆ. ಎಲ್ಲೂ ಕಾಣಲಿಲ್ಲ ನೀ."

ನಾಳೆ ಹೆರಿಗೆಯಲ್ಲಿ ಚೂರು ಹೆಚ್ಚುಕಮ್ಮಿಯಾದರೆ ಎಲ್ಲರ ಬೆರಳು ನನ್ನ ಕಡೆಗೇ ತಿರುಗುತ್ತದೆ. ಬೇರೆಯವರ ಬೆರಳಿಗೆ ನಾನು ಹೆದರುವುದಿಲ್ಲ. ನನ್ನದೇ ಬೆರಳು ನನ್ನ ಕಡೆ ತಿರುಗಿದರೆ ಎಂಬ ಭಯ ಇತ್ತು. ನೋಡೋಣ ಅಂದೆ. ಹಾಗಂದದ್ದಕ್ಕೆ ಮಗಳು ಮುಖ ಆ ಕಡೆ ತಿರುಗಿಸಿದಳು.

ಕುಬಸದ ದಿನ

ಐದು ಮಂದಿ ಮುತ್ತೈದೆಯರು ಬೇಕು. ವೀಣಾ ತನ್ನ ಜೊತೆ ಕೆಲಸ ಮಾಡುವ ನರ್ಸುಗಳನ್ನೂ ಕೆಳಗಿನ ಮನೆಯ ಬಿರ್ಗಿತ್ ಅಜ್ಜಿಯನ್ನೂ ಕರೆದಿದ್ದಳು. ಇಲ್ಲಿ ತಾಳಿ ಇಲ್ಲ, ಉಂಗುರವೇ ತಾಳಿ ಎಂದು ಅವಳು ಮೊದಲೇ ಹೇಳಿದ್ದರಿಂದ ವೈನಿ ಬಾಗಿಲಲ್ಲಿ ನಿಂತು, ಬಂದವರ ಕೈ ಹಿಡಿದು ಮಾತಾಡಿಸುವ ನೆವದಲ್ಲಿ ಬೆರಳು ನೋಡಿಕೊಳ್ಳುತ್ತಿದ್ದರು. ಉಂಗುರ ಇದ್ದವರಿಗೆ ಕುಂಕುಮ, ಇಲ್ಲದವರಿಗೆ ಬರೀ ಹೂವು. ಹೂವು ಸಿಕ್ಕವರೂ ಖುಷಿಯಿಂದ ತಲೆಯಲ್ಲಿ ಸಿಕ್ಕಿಸಿಕೊಂಡು ಅಡ್ಡಾಡಿದರು.

ಬಿರ್ಗಿತ್ ಅಜ್ಜಿ ಬೆಳ್ಳಿಕೂದಲಿನ ಸಣ್ಣ ಜೀವ. ಹುಟ್ಟಲಿರುವ ಕೂಸಿಗೆ ತಾನೇ ಹೆಣೆದ ಕಾಲುಚೀಲ ತಂದಿದ್ದಳು. ಬೆರಳಲ್ಲಿ ಸವೆದ ಬಂಗಾರದ ಉಂಗುರ. "ಎಲ್ಲಾರಿಗಿಂತ ಹಿರೇ ಮುತ್ತೈದಿ, ಮೊದಲ ಆಕಿನ ತುಂಬಲಿ," ಎಂದು ವೈನಿ ಅವಳ ಹಣೆಗೆ ಅಗಲವಾಗಿ ಕುಂಕುಮ ಇಟ್ಟರು. ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದ ಫೋನಿನಲ್ಲಿ ಭಾವನವರು ವೀಡಿಯೊ ಕಾಲ್ ಮೇಲೆ ಎಲ್ಲ ನೋಡುತ್ತ, "ಎಡಕ್ಕ ಕೂಡಸ್ರಿ, ದೀಪ ಈ ಕಡೆ ಇಡ್ರಿ," ಎಂದು ನಿರ್ದೇಶನ ಕೊಡುತ್ತಿದ್ದರು. ನಾನು ಒಲೆಯ ಹತ್ತಿರ ನಿಂತಿದ್ದೆ. ಹಸಿರು ಇಳಕಲ್ ಸೀರೆಯಲ್ಲಿ ಮಗಳು ಸೆರಗು ಒಡ್ಡಿ ಕೂತಿದ್ದಳು. ಬಿರ್ಗಿತ್ ಅಜ್ಜಿ ವೈನಿ ತೋರಿಸಿಕೊಟ್ಟಂತೆ ಎರಡೂ ಕೈ ಜೋಡಿಸಿ ಅಕ್ಕಿ ತುಂಬಿಕೊಂಡು, ಎಳೆಗೂಸನ್ನು ಮಲಗಿಸುವಷ್ಟು ಮೆತ್ತಗೆ ಅವಳ ಉಡಿಯಲ್ಲಿ ಇಳಿಸಿದಳು.

ವೈನಿಗೆ ಕಣ್ಣು ತುಂಬಿ ಬಂತು. "ಎಷ್ಟು ಛಲೋ ಹಾಕಿದ್ಲು! ಯಜಮಾನರನ್ನೂ ಕರಕೊಂಡು ಬರಬೇಕಿತ್ತು ಅಂತ ಹೇಳು," ಅಂದರು.

ವೀಣಾ ಹೇಳಿದಳು. ಅಜ್ಜಿ ಉತ್ತರ ಕೊಟ್ಟಳು. ವೀಣಾ ನಮಗೆ ತಿಳಿಸಿದಳು: "ಅವರು ತೀರಿಕೊಂಡು ಭಾಳ ವರ್ಷ ಆತಂತ."

ವೈನಿಯ ಕೈಯಲ್ಲಿದ್ದ ಕುಂಕುಮದ ಬಟ್ಟಲು ಅಲ್ಲೇ ನಿಂತಿತು. "ಮತ್ತ ಉಂಗುರ?"

ವೀಣಾ ಅದನ್ನೂ ಕೇಳಿದಳು. ಬಿರ್ಗಿತ್ ಅಜ್ಜಿ ತನ್ನ ಬೆರಳನ್ನು ತಾನೇ ಮೊದಲ ಸಲ ಕಂಡಂತೆ ನೋಡಿಕೊಂಡು ಏನೋ ಅಂದಳು.

"ತಗೀಬೇಕು ಅಂತ ನನಗ ಯಾರೂ ಹೇಳಲಿಲ್ಲ ಅಂತಾಳ," ಅಂದಳು ವೀಣಾ.

ಫೋನಿನಿಂದ ಭಾವನವರ ದನಿ ಎದ್ದಿತು. "ಛೇ ಛೇ ಛೇ! ಏನ ಮಾಡಿದಿ ಕಮಲಾ? ವಿಧವಿ ಕೈಲೆ ಉಡಿ ತುಂಬಿಸಿದ್ಯಾ? ಆ ಅಕ್ಕಿ ಎಲ್ಲಾ ತಗದು ಹೊರಗ ಚೆಲ್ಲು. ಉಡಿ ಝಾಡಿಸಿ ಹೊಸದಾಗಿ ತುಂಬು."

ವೈನಿ ಅಲುಗಾಡಲಿಲ್ಲ. ವೀಣಾ ಎರಡೂ ಕೈಯಿಂದ ಸೆರಗು ಮುದುಡಿ ಹೊಟ್ಟೆಗೆ ಅವಚಿಕೊಂಡಳು. ಬಿರ್ಗಿತ್ ಅಜ್ಜಿಗೆ ಭಾಷೆ ತಿಳಿಯದಿದ್ದರೂ ತನ್ನಿಂದ ಏನೋ ತಪ್ಪಾಯಿತೆಂದು ಗೊತ್ತಾಗಿ ಹಣೆಯ ಕುಂಕುಮಕ್ಕೆ ಕೈ ಒಯ್ದಳು, ಒರೆಸಿಕೊಳ್ಳಲಿಕ್ಕೆ.

ನನ್ನ ಭಯ ಎಲ್ಲಿ ಹೋಯಿತೋ! ಒಲೆ ಬಿಟ್ಟು ಬಂದು ಅವಳ ಕೈ ಹಿಡಿದು ಕೆಳಗಿಳಿಸಿದೆ.

"ಒಂದು ಕಾಳೂ ಚೆಲ್ಲೂದಿಲ್ಲ," ಅಂದೆ. "ಆ ಮುದುಕಿ ಕೂಸಿಗೆ ಹರಸಿ ಹಾಕಿದ ಅಕ್ಕಿ ಅದು. ವೈನಿ, ತಾಟು ಈ ಕಡೆ ಕೊಡ್ರಿ."

"ಸುಮಿತ್ರಾ!" ಫೋನು ಗುಡುಗಿತು. "ಹಿಂದ ಸರಿ! ಕಮಲಾ, ಆಕಿನ್ನ ತಡಿ!"

ವೈನಿ ನನ್ನನ್ನು ನೋಡಿದರು. ಆಮೇಲೆ ಮೇಜಿನ ಹತ್ತಿರ ಹೋಗಿ ಫೋನನ್ನು ಬೋರಲು ಮಲಗಿಸಿದರು. "ನೆಟ್‌ವರ್ಕ್ ಹೋತ್ರಿ," ಎಂದು ಅದರ ಬೆನ್ನಿಗೆ ಹೇಳಿ, ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ಲಗೂನ ತುಂಬು."

ಅವರು ಅಷ್ಟು ಮಾಡಿದ್ದೇ ದೊಡ್ಡದು. ನಾಳೆ ಊರಿಗೆ ಹೋಗಿ ಆ ಮನೆಯಲ್ಲಿ ಇರಬೇಕಾದವರು ಅವರು. ಆದರೆ ಲಗೂನ, ಬೇಗ ಮುಗಿಸು ಎಂಬ ಮಾತು ನನಗೆ ಸೇರಲಿಲ್ಲ. ನನ್ನ ಮಗಳ ಉಡಿಯನ್ನು ನಾನು ಕದ್ದು ತುಂಬಬೇಕೇ?

ಫೋನು ಎತ್ತಿ ಮತ್ತೆ ಸಕ್ಕರೆ ಡಬ್ಬಿಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದೆ. ಮಗಳೂ ನಾನೂ ಇಬ್ಬರೂ ಕಾಣುವಂತೆ ಸರಿಪಡಿಸಿದೆ.

"ನೋಡ್ರಿ ಭಾವನವರ, ಛಲೋತ್ನಂಗ ನೋಡ್ರಿ. ಹೆತ್ತಾಕಿ ನಾ. ಮುಚ್ಚಿಡೂವಂಥಾದ್ದು ನಾ ಏನೂ ಮಾಡಾಕತ್ತಿಲ್ಲ."

ಅವರು ಏನೋ ಅನ್ನುತ್ತಲೇ ಇದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ವೈನಿ ಬಂದು ಅಕ್ಕಿಯ ತಾಟು ಹಿಡಿದುಕೊಂಡು ನನ್ನ ಪಕ್ಕ ನಿಂತರು. ವೀಣಾ ಮುದುಡಿದ್ದ ಸೆರಗನ್ನು ಮತ್ತೆ ಬಿಡಿಸಿ ಒಡ್ಡಿದಳು. ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು ಅವಳ ಉಡಿಯಲ್ಲಿ ಹಾಕಿದೆ. ಕೊಬ್ಬರಿ ಬಟ್ಟಲು ಇಟ್ಟೆ, ಎಲೆ ಅಡಿಕೆ ಇಟ್ಟೆ, ಖಣ ಇಟ್ಟೆ.

"ಅವ್ವಾ, ಇನ್ನೊಂದು ಬೊಗಸಿ ಹಾಕು," ಅಂದಳು ಮಗಳು.

ಹಾಕಿದೆ.